ಪುಸ್ತಕ ಮುಚ್ಚಿ ಬರೆಯುವ ನೋಟ್ಸು

ಮಳೆಗಾಲ ಹಿಡಿಯಿತೆಂದರೆ ಭಾನುವಳ್ಳಿ ಕಡೆಯ ಊರುಗಳಲ್ಲಿ ಬೆಳಗಿನ ಮೊದಲ ಮಾತು ‘ಡ್ಯಾಂ ಎಷ್ಟು ಅಡಿ ಆತು?’ ಎಂಬುದೇ. ಡ್ಯಾಂ ಎಂದರೆ ಲಕ್ಕವಳ್ಳಿಯ ಭದ್ರಾ ಜಲಾಶಯ. ಅದರ ಗರಿಷ್ಠ ಮಟ್ಟ 186 ಅಡಿ ಎಂದು ಇಲ್ಲಿ ಶಾಲೆ ಕಾಣದ ಅಜ್ಜನಿಗೂ ಗೊತ್ತು. ಹರಿಹರ ತಾಲ್ಲೂಕು ನಾಲೆಯ ಕೊನೆ ಭಾಗ. ಡ್ಯಾಂ ತುಂಬಿದರೆ ಭತ್ತದ ಎರಡನೇ ಬೆಳೆಗೂ ನೀರು ಬಂದೀತೆಂಬ ಆಸೆ, ತುಂಬದಿದ್ದರೆ ನೀರು ಕೊನೆ ಮುಟ್ಟೀತೇ ಎಂಬ ದಿಗಿಲು. ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ತಂದೆತಾಯಿಗಳು ‘ಆರು, ಏಳು, ಎಂಟನೇ ತರಗತಿಯ ಮಗುವಿಗೆ ನೋಟ್ಸ್ ಬರೆಯುವುದನ್ನು ಹೇಗೆ ಕಲಿಸಬೇಕು’ ಎಂದು ಕೇಳಿದರೆ ನನ್ನ ಮೊದಲ ಸಲಹೆ ಇದು: ಪಠ್ಯಪುಸ್ತಕವನ್ನು ಒಂದು ತಿಂಗಳು ಬದಿಗಿಡಿ. ಪತ್ರಿಕೆಯಲ್ಲಿ ದಿನವೂ ಬರುವ ಡ್ಯಾಮಿನ ಅಂಕಿಗಳಿಂದ ಶುರುಮಾಡಿ.

ಮಗು ಪುಟಕ್ಕೆ ಉದ್ದುದ್ದ ನಾಲ್ಕು ಕಾಲಂ ಎಳೆಯಲಿ. ತಾರೀಖು, ನೀರಿನ ಮಟ್ಟ, ಒಳಹರಿವು, ಹೊರಹರಿವು. ದಿನಕ್ಕೆ ಒಂದೇ ಸಾಲು, ಎರಡು ನಿಮಿಷದ ಕೆಲಸ. ಹತ್ತು ದಿನ ಕಳೆದ ಮೇಲೆ ಮಗುವೇ ಪ್ರಶ್ನೆ ಕೇಳತೊಡಗುತ್ತದೆ. ನಿನ್ನೆ ಅಷ್ಟೊಂದು ನೀರು ಬಂದರೂ ಮಟ್ಟ ಯಾಕೆ ಸ್ವಲ್ಪವೇ ಏರಿತು? ಕ್ಯುಸೆಕ್ ಎಂದರೆ ಏನು? ಆಗ ಹೇಳಿಕೊಡಿ: ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಸಾವಿರ ಕ್ಯುಸೆಕ್ ಇಡೀ ದಿನ ಹರಿದರೂ 0.0864 ಟಿಎಂಸಿಯಷ್ಟೇ ಆಗುತ್ತದೆ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಜಲಾಶಯ ಹಿಡಿಯುವುದು 71.5 ಟಿಎಂಸಿ. ಈ ಲೆಕ್ಕವನ್ನು ಮಗು ಅದೇ ಪುಟದ ಅಂಚಿನಲ್ಲಿ ಮಾಡಲಿ. ತಿಂಗಳ ಕೊನೆಗೆ ಆ ಸಾಲುಗಳಿಂದ ಒಂದು ನಕ್ಷೆ ಬರೆಸಿ. ಬೇಕಾದದ್ದನ್ನು ಆರಿಸಿ, ಕಡಿಮೆ ಮಾತಿನಲ್ಲಿ ಬರೆದು, ಮತ್ತೆ ನೋಡಿ, ಅದರಿಂದ ಇನ್ನೊಂದನ್ನು ಹುಟ್ಟಿಸುವುದು ನೋಟ್ಸಿನ ಕೆಲಸ. ಹೀಗೆಂದು ಬಾಯಲ್ಲಿ ಹೇಳಿದರೆ ಹನ್ನೆರಡರ ಹುಡುಗನಿಗೆ ಅದು ಉಪದೇಶವಾಗುತ್ತದೆ. ಡ್ಯಾಮಿನ ಪುಟದಲ್ಲಿ ಅವನು ಅದನ್ನು ಮಾಡಿಯೇ ಬಿಟ್ಟಿರುತ್ತಾನೆ.

ಶಾಲೆಗೆ ಹೋಗುವ ಮಗುವಿಗೆ ನೋಟ್ಸ್ ಬೋರ್ಡಿನಿಂದ ಬರುತ್ತದೆ, ಇಲ್ಲವೇ ಮೇಷ್ಟ್ರ ಬಾಯಿಂದ. ಅವರು ಹೇಳುತ್ತಾರೆ, ನಲವತ್ತು ಮಕ್ಕಳು ಬರೆಯುತ್ತಾರೆ. ಒಂದು ಗಂಟೆಯಲ್ಲಿ ಪಾಠವನ್ನೂ ಮುಗಿಸಿ ಪ್ರಶ್ನೋತ್ತರವನ್ನೂ ಬರೆಸಬೇಕಾದ ಶಿಕ್ಷಕರಿಗೆ ಬೇರೆ ದಾರಿ ಕಡಿಮೆ, ಅವರನ್ನು ದೂರಲಾರೆ. ಆದರೆ ಮನೆಯಲ್ಲಿ ಓದುವ ಮಗುವಿಗೆ ಉಕ್ತಲೇಖನ ಕೊಡುವವರಿಲ್ಲ. ಆ ಜಾಗಕ್ಕೆ ಬೇಗ ಬಂದು ಕೂರುವುದು ಗೈಡು. ಗೈಡಿನ ಉತ್ತರವನ್ನು ಚೆಂದದ ಅಕ್ಷರದಲ್ಲಿ ಇಳಿಸಿಕೊಂಡ ನೋಟ್‌ಬುಕ್ ನೋಡಿದರೆ ತಾಯಿಗೂ ಸಮಾಧಾನ, ಮಗುವಿಗೂ ಸಮಾಧಾನ. ಮರುದಿನ ಪುಸ್ತಕ ಮುಚ್ಚಿ ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ. ಕೈ ದುಡಿದಿರುತ್ತದೆ, ತಲೆ ದುಡಿದಿರುವುದಿಲ್ಲ. ಮನೆಪಾಠದ ಕುಟುಂಬಗಳು ಎಲ್ಲಕ್ಕಿಂತ ಮೊದಲು ಈ ಅಭ್ಯಾಸವನ್ನು ಬಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಜಿಲ್ಲೆಯಂಥ ಕಡೆ ಮನೆಪಾಠ ಅಪರೂಪ ನಿಜ. ಆದರೂ ಒಮ್ಮೆ ಎಲ್ಲ ಮನೆಗಳೂ ಶಾಲೆಯಾಗಬೇಕಾಗಿ ಬಂದಿತ್ತು. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಶುರುವಾಗಿ ಶಿಕ್ಷಕರೇ ಊರೊಳಗೆ ಬಂದು ಗುಡಿಯ ಪೌಳಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಅಕ್ಟೋಬರಿನಲ್ಲಿ ಅದೂ ನಿಂತಿತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದವು. ಟಿ.ವಿ.ಯ ಮೇಷ್ಟ್ರು ಯಾರಿಗಾಗಿಯೂ ನಿಲ್ಲುವುದಿಲ್ಲ, ‘ಬರಕೊಂಡ್ರಾ?’ ಎಂದು ಕೇಳುವುದಿಲ್ಲ. ಕೇಳುತ್ತ ಕೇಳುತ್ತ ತಾನೇ ಆರಿಸಿ ಬರೆದುಕೊಳ್ಳಬೇಕಾದ ಸಂದರ್ಭ ನಮ್ಮ ಹಳ್ಳಿಯ ಮಕ್ಕಳಿಗೆ ಏಕಾಏಕಿ ಎದುರಾದದ್ದು ಆಗ. ಅದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಕಾಯಿಲೆಯಿಂದಲೋ, ಕ್ರೀಡಾ ತರಬೇತಿಯಿಂದಲೋ, ತಂದೆತಾಯಿಯ ಸ್ವಂತ ನಿರ್ಧಾರದಿಂದಲೋ ಇವತ್ತು ಮನೆಯಲ್ಲಿ ಕಲಿಯುವ ಮಗುವಿಗೆ ದಿನವೂ ಇದೇ ಸ್ಥಿತಿ. ಪಠ್ಯದ ಕೊರತೆಯೇನೂ ಇಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮುಕ್ತ ಮೂಲ ಶಿಕ್ಷಣದಲ್ಲಿ ಎಂಟನೇ ತರಗತಿಗೆ ಸಮನಾದ ಹಂತವಿದೆ, 14 ತುಂಬಿದ ಮೇಲೆ ಅಲ್ಲಿಯೇ ಹತ್ತನೇ ತರಗತಿಗೆ ಸಮನಾದ ಪರೀಕ್ಷೆಗೂ ಸೇರಬಹುದು. ಆ ಹೊತ್ತಿಗೆ ಮಗು ಒಂಟಿಯಾಗಿ ಪುಸ್ತಕ ಓದಿ ಅರಗಿಸಿಕೊಳ್ಳಲು ಕಲಿತಿರಬೇಕು. ಅದಕ್ಕೆ ತಳಪಾಯ ಹಾಕುವುದು ಆರರಿಂದ ಎಂಟನೇ ತರಗತಿಯ ಈ ಮೂರು ವರ್ಷಗಳಲ್ಲಿ.

ಇನ್ನು ಮುಖ್ಯ ವಿಧಾನಕ್ಕೆ ಬರೋಣ. ಮಗು ಪಾಠದ ಒಂದು ಭಾಗವನ್ನು, ಹೆಚ್ಚೆಂದರೆ ಒಂದೂವರೆ ಪುಟವನ್ನು ಓದಲಿ. ಓದುವಾಗ ಕೈಯಲ್ಲಿ ಪೆನ್ನು ಬೇಡ. ಅಡಿಗೆರೆಯೂ ಬೇಡ, ಬಣ್ಣದ ಹೈಲೈಟರೂ ಬೇಡ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಲಿ. ಈಗ ನೋಟ್‌ಬುಕ್ ತೆರೆದು ನೆನಪಿನಲ್ಲಿ ಉಳಿದದ್ದನ್ನು ನೀಲಿ ಪೆನ್ನಿನಲ್ಲಿ ತುಂಡು ತುಂಡಾಗಿ ಬರೆಯಲಿ. ನೆನಪಾಗದ ಕಡೆ ಒಂದು ಸಾಲು ಖಾಲಿ ಬಿಡಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಹಸಿರು ಪೆನ್ನಿನಲ್ಲಿ ತುಂಬಲಿ. ನೀಲಿಯಲ್ಲಿ ಇರುವುದು ಮಗುವಿಗೆ ಆಗಲೇ ಬಂದದ್ದು, ಹಸಿರಿನಲ್ಲಿ ಇರುವುದು ಇನ್ನೂ ಬರಬೇಕಾದದ್ದು. ಪರೀಕ್ಷೆಗೆ ಮುಂಚೆ ಏನನ್ನು ಓದಬೇಕೆಂದು ಆ ಹಸಿರೇ ತೋರಿಸುತ್ತದೆ.

ಮೊದಲ ವಾರ ಇದು ಕಷ್ಟ. ‘ನಂಗೇನೂ ನೆನಪಿಲ್ಲ’ ಎಂದು ಮಗು ಮುಖ ಸಿಂಡರಿಸುತ್ತದೆ, ಕೆಲವು ಮಕ್ಕಳು ಅತ್ತೂ ಬಿಡುತ್ತಾರೆ. ಓದಬೇಕಾದ ಭಾಗವನ್ನು ಚಿಕ್ಕದು ಮಾಡಿ, ಒಂದು ಪ್ಯಾರಾಕ್ಕೆ ಇಳಿಸಿ. ಆದರೆ ಪುಸ್ತಕ ಮುಚ್ಚುವುದನ್ನು ಮಾತ್ರ ಬಿಡಬೇಡಿ. ಇದಕ್ಕೆ ಆಧಾರವಿದೆ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು ನೋಡಿದರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು, ಕೆಲವರು ಓದಿದ ಮೇಲೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರಲ್ಲಿ ಹೆಚ್ಚು ಉಳಿದಿತ್ತು. ಆ ಐದು ನಿಮಿಷದ ಗೆಲುವೇ ನಮ್ಮನ್ನು ದಾರಿ ತಪ್ಪಿಸುವುದು. ಓದಿದ ತಕ್ಷಣ ಎಲ್ಲ ಬಂತು ಅನ್ನಿಸುತ್ತದೆ, ಅನ್ನಿಸಿದ್ದನ್ನು ನಂಬಿ ಎದ್ದು ಹೋಗುತ್ತೇವೆ.

ಕೇಳುತ್ತ ಬರೆಯುವುದು ಇದಕ್ಕಿಂತ ಬೇರೆಯದೇ ಕೆಲಸ, ಅದನ್ನು ಬೇರೆಯಾಗಿಯೇ ಕಲಿಸಬೇಕು. ಅಂತರ್ಜಾಲದಲ್ಲಿ ಸಿಗುವ ಕಲಿಕೆಯ ಸಲಹೆಗಳೆಲ್ಲ ಹೆಚ್ಚಾಗಿ ಇಂಗ್ಲಿಷ್ ಭಾಷೆಯನ್ನು ಮನಸ್ಸಿನಲ್ಲಿಟ್ಟು ಬರೆದವು. ಆದರೆ ಕನ್ನಡದ ವಾಕ್ಯದ ತೀರ್ಪು ಅದರ ಬಾಲದಲ್ಲಿರುತ್ತದೆ. ‘ಈ ಊರಿನ ಕೆರೆಗೆ ನಾಲೆಯ ನೀರು ಬೇಸಿಗೆಯಲ್ಲಿ’ ಎಂಬಲ್ಲಿಯವರೆಗೆ ಬರೆದುಕೊಂಡ ಮಗುವಿಗೆ ನೀರು ಬರುತ್ತದೋ ಬರುವುದಿಲ್ಲವೋ ತಿಳಿದಿರುವುದಿಲ್ಲ. ಮೊದಲ ಪದದಿಂದಲೇ ಬರೆಯಲು ಹೊರಟ ಕೈ ಕೊನೆಯ ಪದ ಬರುವಾಗ ಹಿಂದೆ ಬಿದ್ದಿರುತ್ತದೆ. ಬರೆಯದೇ ಉಳಿದ ಆ ‘ಇಲ್ಲ’ದಿಂದ ಇಡೀ ಸಾಲು ತಲೆಕೆಳಗಾಗುತ್ತದೆ. ಆದ್ದರಿಂದ ಮಗುವಿಗೆ ಹೇಳಿ: ವಾಕ್ಯ ಮುಗಿಯುವ ತನಕ ಪೆನ್ನು ಎತ್ತಬೇಡ. ಮುಗಿದ ಮೇಲೆ ಮೂರೋ ನಾಲ್ಕೋ ಪದ ಸಾಕು.

ಆ ಮೂರು ನಾಲ್ಕು ಪದಗಳನ್ನು ಚಿಕ್ಕದು ಮಾಡುವುದನ್ನೂ ಕಲಿಸಬೇಕು. ಒತ್ತಕ್ಷರ, ದೀರ್ಘಗಳಿರುವ ಲಿಪಿಯನ್ನು ವೇಗವಾಗಿ ಬರೆಯುವುದು ಮಗುವಿಗೆ ಸುಲಭವಲ್ಲ. ಕ್ರಿಯಾಪದದ ಬಾಲ ಕತ್ತರಿಸಲಿ. ‘ನಿರ್ಮಿಸಲಾಯಿತು’ ಬದಲು ‘ನಿರ್ಮಾಣ’, ‘ಕಾರಣವಾಗುತ್ತದೆ’ ಬದಲು ಒಂದು ಬಾಣದ ಗುರುತು. ಇಂಗ್ಲಿಷಿನಲ್ಲಿ ಸ್ವರಗಳನ್ನು ಬಿಟ್ಟು ಬರೆಯುವ ಉಪಾಯ ನಮ್ಮಲ್ಲಿ ನಡೆಯದು, ಇಲ್ಲಿ ಸ್ವರ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ. ಮೊದಲ ಅಕ್ಷರ ಬರೆದು ಚುಕ್ಕಿ ಇಡುವ ನಮ್ಮ ಹಳೆಯ ರೂಢಿಯೇ ಚೆನ್ನ: ತಾ., ಜಿ., ಕ್ರಿ.ಶ. ಇದ್ದಂತೆಯೇ ದ್ಯುತಿಸಂಶ್ಲೇಷಣೆಗೆ ದ್ಯು.ಸಂ. ಆ ಪಾಠದ ಮೊದಲ ಸಾಲಿನಲ್ಲಿ ಒಮ್ಮೆ ಪೂರ್ತಿ ಬರೆದಿದ್ದರೆ ಸಾಕು. ಹಾಲು ಹಾಕುವ ಮನೆಯಾದರೆ ಡೇರಿಯ ಪುಸ್ತಕವನ್ನೇ ಮಗುವಿನ ಮುಂದಿಡಿ. ಬೆಳಿಗ್ಗೆ, ಸಂಜೆ, ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ಹಣ, ಒಂದು ದಿನದ ವ್ಯವಹಾರವೆಲ್ಲ ಒಂದು ಸಾಲಿನಲ್ಲಿ ಇರುತ್ತದೆ. ಇದರಲ್ಲಿ ಯಾವ ಪದ ಯಾಕೆ ಬೇಕಾಗಲಿಲ್ಲ ಎಂದು ಕೇಳಿ.

ಕೇಳಿ ಬರೆಯುವ ಅಭ್ಯಾಸಕ್ಕೆ ವಿಡಿಯೊ ಪಾಠಕ್ಕಿಂತ ಮನುಷ್ಯರ ಮಾತು ಒಳ್ಳೆಯದು. ಅಜ್ಜ ಭತ್ತದ ಸಸಿ ಮಡಿ ಮಾಡುವ ಕ್ರಮವನ್ನು ಹತ್ತು ನಿಮಿಷ ಹೇಳಲಿ, ಮಗು ಬರೆದುಕೊಳ್ಳಲಿ, ಆಮೇಲೆ ಆ ಪುಟ ನೋಡಿ ಅಜ್ಜನಿಗೇ ತಿರುಗಿ ಹೇಳಲಿ. ಎಲ್ಲಿ ತಪ್ಪಾಯಿತೆಂದು ಅಜ್ಜ ಕೂಡಲೇ ಹೇಳುತ್ತಾರೆ. ವಿಡಿಯೊ ನೋಡುವುದೇ ಆದರೆ ನಾಲ್ಕೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ಬರೆಯುವುದು, ಮತ್ತೆ ಮುಂದುವರಿಸುವುದು. ಓಡುತ್ತಿರುವ ವಿಡಿಯೊದ ಜೊತೆ ಬರೆಯುವ ಸ್ಪರ್ಧೆ ಈ ವಯಸ್ಸಿಗೆ ಬೇಡ.

ಟ್ಯಾಬಿನಲ್ಲಿ ಟೈಪ್ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. 2014ರಲ್ಲಿ ಮುಲ್ಲರ್ ಮತ್ತು ಒಪನ್‌ಹೈಮರ್ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾಯಿತು. ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡವರು ಉಪನ್ಯಾಸಕರ ಮಾತನ್ನು ಹೆಚ್ಚಾಗಿ ಇದ್ದ ಹಾಗೇ ಇಳಿಸಿಕೊಂಡರು, ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಬರಹದವರಿಗಿಂತ ಹಿಂದೆ ಬಿದ್ದರು ಎಂಬುದು ಅದರ ಸಾರ. ಮುಂದೆ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಕೈಬರಹದ ಮೇಲುಗೈ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ಕೈಬರಹಕ್ಕೆ ಏನೋ ಮಂತ್ರಶಕ್ತಿ ಇದೆಯೆಂದು ನಾನು ಹೇಳಲಾರೆ. ಕೈ ನಿಧಾನವಾದ್ದರಿಂದ ಮಗು ಆರಿಸಲೇಬೇಕಾಗುತ್ತದೆ, ಅದಕ್ಕಾಗಿ ಕಾಗದವೇ ಇರಲಿ ಎನ್ನುತ್ತೇನೆ. ನಡುವೆ ಬಾಣ ಎಳೆಯುವುದು, ಚಿತ್ರ ಬರೆಯುವುದು, ಅಂಚಿನಲ್ಲಿ ಲೆಕ್ಕ ಹಾಕುವುದು ಕಾಗದದ ಮೇಲೆ ಸಲೀಸು.

ಪುಟವನ್ನು ಜೋಡಿಸಿಕೊಳ್ಳಲು ಕಾರ್ನೆಲ್ ಪದ್ಧತಿ ನನಗೆ ಇಷ್ಟ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಲಾಂಗ್ ನೋಟ್‌ಬುಕ್ಕಿನ ಪುಟದ ಎಡಗಡೆ ಸುಮಾರು ಮೂರನೇ ಒಂದು ಭಾಗ ಬಿಟ್ಟು ಮೇಲಿಂದ ಕೆಳಗೆ ಗೆರೆ ಎಳೆಯುವುದು. ಕೆಳಗೆ ಐದಾರು ಸಾಲು ಬಿಟ್ಟು ಅಡ್ಡಗೆರೆ. ಬಲಗಡೆ ನೋಟ್ಸ್. ಎಡಗಡೆಯ ಜಾಗ ಆ ದಿನ ಖಾಲಿ, ಮರುದಿನ ಅಲ್ಲಿ ಪ್ರಶ್ನೆಗಳು ಬರುತ್ತವೆ. ಕೆಳಗೆ ಎರಡು ವಾಕ್ಯದಲ್ಲಿ ಇಡೀ ಪುಟದ ಸಾರ.

ನಮ್ಮ ಹೊಳೆಯನ್ನೇ ತೆಗೆದುಕೊಂಡು ತೋರಿಸುತ್ತೇನೆ. ಪಾಠದಲ್ಲಿ ತುಂಗಾ, ಭದ್ರಾ ನದಿಗಳ ಬಗ್ಗೆ ಅರ್ಧ ಪುಟ ಇದೆ ಎಂದುಕೊಳ್ಳಿ. ಪುಸ್ತಕ ಮುಚ್ಚಿದ ಮಗು ಬಲಗಡೆ ಬರೆಯುವುದು ಇಷ್ಟೇ: ಗಂಗಾಮೂಲ, ಚಿಕ್ಕಮಗಳೂರು ಜಿ. – ಎರಡೂ ಹುಟ್ಟು. ಕೂಡಲಿ, ಶಿವಮೊಗ್ಗ ಜಿ. – ಸಂಗಮ. ಆಮೇಲೆ ಹರಿಹರ, ಹೊಸಪೇಟೆ ಡ್ಯಾಂ, ಕೊನೆಗೆ ಕೃಷ್ಣಾ. ಮರುದಿನ ಎಡಗಡೆ ಪ್ರಶ್ನೆ ಬರೆಯಬೇಕು. ‘ಎರಡು ನದಿ ಎಲ್ಲಿ ಸೇರುತ್ತವೆ?’ ಎಂದು ಬರೆದರೆ ಸಾಧಾರಣ. ‘ಲಕ್ಕವಳ್ಳಿ ಡ್ಯಾಂ ಕೂಡಲಿಗಿಂತ ಮೇಲಿದೆಯೋ ಕೆಳಗಿದೆಯೋ?’ ಎಂದು ಬರೆದರೆ ಮಗು ಯೋಚನೆ ಮಾಡುತ್ತಿದೆ ಎಂದು ತಿಳಿಯಿರಿ. ಉತ್ತರ ಪುಟದಲ್ಲಿ ನೇರವಾಗಿ ಇಲ್ಲ, ಆ ಡ್ಯಾಂ ಇರುವುದು ಭದ್ರೆಗೆ ಮಾತ್ರ ಎಂಬುದರಿಂದ ಕಂಡುಕೊಳ್ಳಬೇಕು. ಶನಿವಾರ ಬಲಗಡೆಯನ್ನು ಒಂದು ಕಾಗದದಿಂದ ಮುಚ್ಚಿ ಎಡಗಡೆಯ ಪ್ರಶ್ನೆಗಳಿಗೆ ಬಾಯಲ್ಲಿ ಉತ್ತರ ಹೇಳಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಈ ಮರುನೋಟವನ್ನು ತಪ್ಪಿಸಿದರೆ ಎಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದರೂ ಉಪಯೋಗವಿಲ್ಲ.

ಹರಿಹರ ಹತ್ತಿರವಿರುವುದು ಭಾನುವಳ್ಳಿಯ ಮಗುವಿಗೆ ಭಾಗ್ಯ. ಒಂದು ದಿನ ನೋಟ್‌ಬುಕ್ ಹಿಡಿದು ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಹೊತ್ತಿಗೆ, ಅವನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಆವರಣದಲ್ಲಿ ಶಾಸನಗಳಿವೆ. ಹಳಗನ್ನಡ ಲಿಪಿ ಮಗುವಿಗೆ ಓದಲು ಬಾರದು, ನಮಗೂ ಹೆಚ್ಚಿನವರಿಗೆ ಬಾರದು. ಪರವಾಗಿಲ್ಲ. ದಾನಶಾಸನ ಎಂದರೆ ಹೇಗಿರುತ್ತದೆ ಎಂದು ಅಲ್ಲಿಯೇ ನಿಂತು ಹೇಳಿ. ಮೊದಲು ದೇವರ ಸ್ತುತಿ, ಆಮೇಲೆ ಆಳುತ್ತಿದ್ದ ರಾಜ, ಶಕವರ್ಷ, ಸಂವತ್ಸರ, ತಿಥಿ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಏನು ಕೊಟ್ಟರು. ಹೊಲವಾದರೆ ನಾಲ್ಕು ದಿಕ್ಕಿನ ಎಲ್ಲೆ. ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪ. ಕಲ್ಲಿನ ಮೇಲೆ ಒಂದೊಂದು ಅಕ್ಷರವೂ ಉಳಿಯಿಂದ ಬರಬೇಕು. ರಾಜನ ಹೊಗಳಿಕೆಗೆ ಜಾಗ ಧಾರಾಳವಾಗಿ ಕೊಟ್ಟರೂ ದಾನದ ವಿಷಯಕ್ಕೆ ಬಂದಾಗ ಮಾತು ಬಿಗಿಯಾಗುತ್ತದೆ, ಮುಂದೆ ಜಗಳ ಬಂದರೆ ಬೇಕಾಗುವುದು ಯಾವುದೋ ಅದು ಬಿಟ್ಟುಹೋಗಿರುವುದಿಲ್ಲ. ಯಾರು, ಯಾವಾಗ, ಯಾರಿಗೆ, ಏನು, ಎಲ್ಲಿಂದ ಎಲ್ಲಿಗೆ ಎಂಬ ಈ ಐದು ಪ್ರಶ್ನೆಗಳನ್ನು ಮಗು ಇತಿಹಾಸದ ಯಾವ ಪಾಠಕ್ಕೂ ಹಾಕಬಹುದು. ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಳ್ಳಲಿ.

ಅಲ್ಲಿಯೇ ಇನ್ನೊಂದು ಅಭ್ಯಾಸ. ಮಗು ನವರಂಗದ ಒಂದು ಕಂಬವನ್ನು ಐದು ನಿಮಿಷ ನೋಡಲಿ, ಆಮೇಲೆ ಬೆನ್ನು ತಿರುಗಿಸಿ ಕೂತು ಚಿತ್ರ ಬರೆಯಲಿ, ಭಾಗಗಳಿಗೆ ಹೆಸರು ಹಾಕಲಿ. ಮತ್ತೆ ತಿರುಗಿ ನೋಡಿ ತಿದ್ದಲಿ. ಫೋಟೊ ತೆಗೆಯುವುದು ಇದಾದ ಮೇಲೆ.

ಈ ಸೀಮೆಯನ್ನು ನೋಡಿ ಬರೆದಿಟ್ಟವರು ಹಿಂದೆಯೂ ಇದ್ದಾರೆ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ಹರಿಹರ, ದಾವಣಗೆರೆಗಳ ಮೂಲಕ ಹಾದುಹೋದ. ದಿನದಿನದ ಟಿಪ್ಪಣಿಯಲ್ಲಿ ಮಣ್ಣು, ಬೆಳೆ, ನೀರಾವರಿ, ದಾವಣಗೆರೆಯ ಕಂಬಳಿ ನೇಯ್ಗೆ ಎಲ್ಲವನ್ನೂ ಬರೆದ. ಅದು 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಕಂಪನಿ ಸರ್ಕಾರದ ಲಾಭಕ್ಕಾಗಿ ನಡೆದ ಸಮೀಕ್ಷೆ ಅದು, ಅದನ್ನು ಮಗುವಿಗೆ ಮುಚ್ಚಿಡಬೇಕಿಲ್ಲ. ಆದರೂ ತಾನು ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂದು ಬೇರೆಬೇರೆಯಾಗಿ ಇಡುವುದನ್ನು ಅಂಥ ದಿನಚರಿಗಳಿಂದ ಕಲಿಯಬೇಕು. ಮಗುವಿನ ನೋಟ್ಸಿನಲ್ಲಿ ‘ಅಜ್ಜ ಹೇಳಿದ್ದು’, ‘ಪುಸ್ತಕದಲ್ಲಿದ್ದದ್ದು’, ‘ನಾನು ನೋಡಿದ್ದು’ ಎಂದು ಅಂಚಿನಲ್ಲಿ ಅ., ಪು., ನಾ. ಗುರುತು ಇರಲಿ. ಫೋನಿನಲ್ಲಿ ಬಂದದ್ದನ್ನೆಲ್ಲ ನಿಜವೆಂದು ನಂಬುವ ಈ ಕಾಲದಲ್ಲಿ ಇದನ್ನು ಎಳೆಯ ವಯಸ್ಸಿನಲ್ಲೇ ರೂಢಿಸಬೇಕೆಂಬುದು ನನ್ನ ಕಳಕಳಿ.

ಗಣಿತಕ್ಕೆ ಕಾರ್ನೆಲ್ ಪದ್ಧತಿಯ ಗೆರೆಗಳೆಲ್ಲ ಬೇಡ. ಬಿಡಿಸಿದ ಒಂದು ಲೆಕ್ಕ, ಪ್ರತಿ ಹೆಜ್ಜೆಯ ಪಕ್ಕದಲ್ಲಿ ‘ಯಾಕೆ ಹೀಗೆ ಮಾಡಿದೆ’ ಎಂದು ಸ್ವಂತ ಮಾತಿನಲ್ಲಿ ಒಂದು ಸಾಲು, ಅಷ್ಟೇ. ವಿಜ್ಞಾನಕ್ಕೆ ಚಿತ್ರವೇ ಮುಖ್ಯ, ಬರಹ ಅದರ ಸುತ್ತ ಬರಲಿ. ಇಂಗ್ಲಿಷ್ ಮಾಧ್ಯಮದ ಪುಸ್ತಕ ಓದುವ ಮಗುವೂ ಮನೆಯಲ್ಲಿ ಕನ್ನಡದಲ್ಲೇ ಯೋಚಿಸುತ್ತಿದ್ದರೆ ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಬಿಡಿ. ಪಾರಿಭಾಷಿಕ ಪದಗಳಿಗೆ ಮಾತ್ರ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡೂ ಭಾಷೆಯ ಪಟ್ಟಿ ಇರಲಿ: ಫೋಟೋಸಿಂಥೆಸಿಸ್, ದ್ಯುತಿಸಂಶ್ಲೇಷಣೆ, ಇವ್ಯಾಪೊರೇಷನ್, ಆವಿಯಾಗುವಿಕೆ. ಪರೀಕ್ಷೆ ಯಾವ ಭಾಷೆಯಲ್ಲಿದ್ದರೂ ಅರ್ಥ ಆಗದೆ ಬರೆದ ಇಂಗ್ಲಿಷ್ ವಾಕ್ಯ ಮಗುವನ್ನು ಕಾಯುವುದಿಲ್ಲ.

ತಂದೆತಾಯಿಗಳಿಗೆ ಎರಡು ಮಾತು. ನೋಟ್ಸಿನ ಪುಟದಲ್ಲಿ ಕಾಗುಣಿತ ತಿದ್ದಬೇಡಿ, ಅಕ್ಷರ ಚೆಂದವಿಲ್ಲವೆಂದು ಗದರಬೇಡಿ. ಕಾಪಿ ಬರಹಕ್ಕೂ ಕಾಗುಣಿತಕ್ಕೂ ಬೇರೆ ಪುಸ್ತಕ, ಬೇರೆ ಹೊತ್ತು ಇರಲಿ. ಕೆಂಪು ಪೆನ್ನು ಬೀಳುತ್ತದೆ ಎಂದು ಗೊತ್ತಾದ ಪುಟದಲ್ಲಿ ಮಗು ತನಗೆ ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ, ಗೈಡಿನ ಸಾಲನ್ನು ಹುಡುಕಲು ಹೋಗುತ್ತದೆ. ಪುಟ ನೋಡುವಾಗ ಕೇಳಬೇಕಾದದ್ದು ‘ಇದನ್ನು ನೋಡಿ ನನಗೆ ಪಾಠ ಹೇಳಿಕೊಡು’ ಎಂದು. ಹೇಳಿಕೊಡಲು ಬಂದರೆ ಪುಟ ಎಷ್ಟೇ ಗಲೀಜಾಗಿದ್ದರೂ ಒಳ್ಳೆಯ ನೋಟ್ಸ್. ಇನ್ನು, ನೀವೂ ಜೊತೆಗೆ ಬರೆಯಿರಿ. ಅದೇ ಪಾಠವನ್ನು ಓದಿ, ಪುಸ್ತಕ ಮುಚ್ಚಿ, ನಿಮ್ಮ ಕಾಗದದ ಮೇಲೆ ಬರೆದು ಇಬ್ಬರದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಗು ಬಿಟ್ಟದ್ದನ್ನು ನೀವು ಹಿಡಿದಿರುತ್ತೀರಿ, ನೀವು ಬಿಟ್ಟದ್ದನ್ನು ಮಗು ಹಿಡಿದಿರುತ್ತದೆ. ಯಾವುದು ಮುಖ್ಯ ಎಂಬ ವಾದ ಆಗ ಹುಟ್ಟುತ್ತದೆ. ಆ ವಾದಕ್ಕೆ ಬೇಕಾದಷ್ಟು ಹೊತ್ತು ಕೊಡಿ.

ಸಮಯದ ಲೆಕ್ಕ ಹೇಳುವುದಾದರೆ, ಮೊದಲ ತಿಂಗಳು ಡ್ಯಾಮಿನ ಪಟ್ಟಿ ಮತ್ತು ಅಜ್ಜನ ಮಾತು ಸಾಕು. ಎರಡನೇ ತಿಂಗಳಿಂದ ದಿನಕ್ಕೆ ಒಂದೇ ವಿಷಯದಲ್ಲಿ ಪುಸ್ತಕ ಮುಚ್ಚಿ ಬರೆಯುವುದು, ಇಪ್ಪತ್ತು ನಿಮಿಷ ದಾಟದಂತೆ. ಮೂರನೆಯ ತಿಂಗಳಲ್ಲಿ ಎಡಗಡೆಯ ಪ್ರಶ್ನೆಗಳು. ಅಲ್ಲಿಂದ ಮುಂದೆ ಉಳಿದ ವಿಷಯಗಳಿಗೆ ಒಂದೊಂದಾಗಿ ಹಬ್ಬಿಸಿ. ವರ್ಷ ಕಳೆದ ಮೇಲೆ ಕೆಲವು ಮಕ್ಕಳು ಗೆರೆ ಎಳೆಯುವುದನ್ನು ಬಿಟ್ಟು ನಡುವೆ ವೃತ್ತ ಬರೆದು ಸುತ್ತ ಕವಲು ಹೊರಡಿಸುತ್ತಾರೆ, ಕೆಲವರು ಬರೀ ಪ್ರಶ್ನೆಗಳನ್ನೇ ಬರೆಯುತ್ತಾರೆ. ತಡೆಯಬೇಡಿ. ಶನಿವಾರದ ಮರುನೋಟದಲ್ಲಿ ಉತ್ತರ ಬರುತ್ತಿರುವವರೆಗೆ ಪುಟದ ರೂಪ ಮಗುವಿನ ಇಷ್ಟ. ಉತ್ತರ ಬಾರದ ವಾರ ಮಾತ್ರ ಮತ್ತೆ ಎಡಗಡೆಯ ಗೆರೆ ಎಳೆಸಿ, ಓದುವ ಭಾಗವನ್ನು ಅರ್ಧಕ್ಕೆ ಇಳಿಸಿ.